ಕೊಂಡ್ಲಹಳ್ಳಿಯ ಅವ್ವ

ಕಳೆದ ವರ್ಷದ ಶ್ರಾವಣ ಮಾಸದಲ್ಲಿ, ಅಮೆರಿಕ ದೇಶದ ಬಾಸ್ಟನ್ ನಗರದಲ್ಲಿರುವ ನನ್ನ ಮೊಮ್ಮಗಳಿಂದ ಒಂದು ಕಾಗದ ಬಂದಿತು. ಈ ಕಾಲದ ಮಕ್ಕಳು ಕಾಗದ ಬರೆಯುವವರಲ್ಲ. ದೂರವಾಣಿಯಲ್ಲಿ ಮುಖ ತೋರಿಸಿ ನಾಲ್ಕು ಮಾತನಾಡಿ ಮುಗಿಸಿಬಿಡುವರು. ಹೀಗಿರಲು ಇವಳು ಎರಡು ಹಾಳೆಯ ತುಂಬ ಬರೆದಿರುವುದನ್ನು ಕಂಡು, ಏನು ವಿಪತ್ತು ಬಂದಿತೋ ಎಂದು ಹೆದರಿಕೊಂಡೇ ಓದತೊಡಗಿದೆನು. ವಿಪತ್ತೇನೂ ಇರಲಿಲ್ಲ. ಅವಳ ನೆರೆಮನೆಯಲ್ಲಿ ವಯಸ್ಸಾದ ಒಬ್ಬ ಅಮೆರಿಕನ್ ಹೆಂಗಸು ಇರುವಳಂತೆ. ಆಕೆ ಹತ್ತು ವರ್ಷಗಳಿಂದ ತನ್ನ ವಂಶದ ಮೂಲಪುರುಷನನ್ನು ಹುಡುಕುತ್ತಿರುವಳಂತೆ. ಅವನು 1630ರ ಈಚೆಗೆ ಇಂಗ್ಲೆಂಡಿನಿಂದ ಹಡಗು ಹತ್ತಿ ಮಸಾಚುಸೆಟ್ಸ್ ವಸಾಹತಿಗೆ ಬಂದಿಳಿದ ಒಬ್ಬ ಬಡಗಿ. ಅವನಿಂದ ಮೊದಲುಮಾಡಿ ತನ್ನವರೆಗೆ ಹನ್ನೆರಡು ತಲೆಗಳನ್ನು ಆಕೆ ಒಂದು ದೊಡ್ಡ ಹಾಳೆಯಲ್ಲಿ ಮರದ ಕೊಂಬೆಗಳಂತೆ ಬರೆದು ಗೋಡೆಗೆ ತೂಗುಹಾಕಿರುವಳು. ಒಂದು ದಿನ ಅದನ್ನು ನಮ್ಮ ಹುಡುಗಿಗೆ ತೋರಿಸಿ, "ನಿಮ್ಮದು ಪುರಾತನ ದೇಶ, ನಿನಗೆ ಎಷ್ಟು ತಲೆ ತಿಳಿದಿದೆ?" ಎಂದು ಕೇಳಿದಳಂತೆ. ಇವಳು ತನ್ನ ತಂದೆ, ನಾನು, ನನ್ನ ತಂದೆ ಎಂದು ಎಣಿಸಿ ನಿಂತುಹೋದಳಂತೆ.

ಕಾಗದದ ಕೊನೆಯಲ್ಲಿ ಹೀಗೆ ಬರೆದಿದ್ದಳು: "ತಾತ, ಆ ಅಜ್ಜಿಗೂ ಒಂದು ಕೊರತೆ ಇದೆ. ಮೂಲಪುರುಷನ ಹೆಂಡತಿಯ ಹೆಸರು ಯಾವ ದಫ್ತರದಲ್ಲಿಯೂ ಸಿಕ್ಕಿಲ್ಲವಂತೆ. ಬರಿಯ 'ಗುಡ್‌ವೈಫ್' ಎಂದಿದೆಯಂತೆ. ನಿಮ್ಮ ತಾತನವರ ತಾಯಿಯ ಹೆಸರೇನು? ನೀವು ಕಥೆ ಹೇಳುತ್ತಿದ್ದಿರಲ್ಲ, ಬರಗಾಲದಲ್ಲಿ ನಡೆದು ಬಂದವಳು, ಅವಳದು?"

ನಾನು ಕಾಗದವನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆನು. ನನ್ನ ಮುತ್ತಜ್ಜಿಯ ಹೆಸರು ನನಗೆ ತಿಳಿಯದು. ನಮ್ಮ ತಂದೆಯವರು ಬಾಲ್ಯದಲ್ಲಿ ಅವಳ ತೊಡೆಯ ಮೇಲೆ ಆಡಿದವರು. ಅವರೂ ಅವಳನ್ನು 'ಕೊಂಡ್ಲಹಳ್ಳಿ ಅವ್ವ' ಎಂದೇ ಕರೆಯುತ್ತಿದ್ದರು. ಮದ್ದೂರಿನ ಬಳಿಯ ನಮ್ಮ ಊರಿನಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರಂತೆ. ಒಬ್ಬ ಮನುಷ್ಯಳಿಗೆ ಊರಿನ ಹೆಸರೇ ಸಾಲದೆ, ಬೇರೊಂದು ಹೆಸರು ಇದ್ದಿರಬೇಕೆಂಬ ಯೋಚನೆಯೇ ನನಗೆ ಎಪ್ಪತ್ತೈದು ವರ್ಷ ಬರಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ.

ನಮ್ಮ ಮನೆಯಲ್ಲಿ ಉಳಿದುಬಂದ ಕಥೆ ಇಷ್ಟು. ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಈಶ್ವರದಲ್ಲಿಯೂ ಬರಲಿಲ್ಲ. ಇವು 1876ರಿಂದ 1878ರವರೆಗಿನ ವರ್ಷಗಳು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಮೇಲ್ಪಟ್ಟಿದ್ದಿತು. ಹತ್ತು ವರ್ಷದ ತರುವಾಯ 1881ರಲ್ಲಿ ಎಣಿಸಿದಾಗ 42 ಲಕ್ಷವೂ ತುಂಬಲಿಲ್ಲ. ಆ ಅಂಕಿಗಳ ನಡುವಿನಲ್ಲಿ ನನ್ನ ಮುತ್ತಜ್ಜಿ ಎರಡು ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಳು. ಗಂಡನು ದನಗಳನ್ನು ಬಿಟ್ಟು ಬರಲೊಲ್ಲದೆ ಹಿಂದೆ ಉಳಿದನು. ದಾರಿಯಲ್ಲಿ ಕಿರಿಯ ಕೂಸು ತೀರಿಹೋಯಿತು. ಆಗ ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಹಾಕುವ ಕೆಲಸವನ್ನು ಸರಕಾರದವರು ಕ್ಷಾಮಪರಿಹಾರಕ್ಕಾಗಿ ಆರಂಭಿಸಿದ್ದರು. ಅಲ್ಲಿ ಮಣ್ಣು ಹೊತ್ತು, ಕೂಲಿಯಲ್ಲಿ ಬದುಕಿ, ಕೆಲಸ ಎಲ್ಲಿಯವರೆಗೆ ಸಾಗಿತೋ ಅಲ್ಲಿಯವರೆಗೆ ತಾನೂ ಸಾಗಿ, ಮದ್ದೂರಿನ ಹತ್ತಿರ ನಿಂತಳು. ಉಳಿದ ಒಬ್ಬ ಮಗನೇ ನಮ್ಮ ತಾತನು. ರೈಲು 1882ರಲ್ಲಿ ಮೈಸೂರು ಮುಟ್ಟಿತು. ನಾವು ಮದ್ದೂರಿನಲ್ಲಿಯೇ ಉಳಿದೆವು.

ಅವಳು ಮೂರು ಸಂಗತಿಗಳನ್ನು ಮಾತ್ರ ಊರಿನಿಂದ ತಂದಿದ್ದಳು. ನಮ್ಮ ಮನೆದೇವರು ನುಂಕೆಮಲೆಯ ಭೈರವನೆಂಬುದು ಒಂದು. ಆ ಮಲೆ ಎಲ್ಲಿದೆಯೆಂಬುದು ನಮ್ಮ ಸುತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ನಮ್ಮ ಬೆಡಗಿನ ಹೆಸರು ಇನ್ನೊಂದು. ಅತ್ತಿಯ ಸೌದೆಯನ್ನು ಒಲೆಗೆ ಹಾಕಕೂಡದೆಂಬುದು ಮೂರನೆಯದು. ಒಮ್ಮೆ ನಾನು ಹುಡುಗನಾಗಿದ್ದಾಗ ಅತ್ತಿಯ ಒಣಕೊಂಬೆಯೊಂದನ್ನು ತಂದು ನೀರೊಲೆಗೆ ಇಟ್ಟು, ನಮ್ಮ ತಾಯಿಯ ಕೈಯಲ್ಲಿ ಸೌಟಿನ ಏಟು ತಿಂದಿದ್ದೆನು. ಯಾಕೆಂದು ಕೇಳಿದ್ದಕ್ಕೆ ಅವರೂ ಉತ್ತರ ತಿಳಿಯದೆ, "ಕೊಂಡ್ಲಹಳ್ಳಿ ಅವ್ವ ಹೇಳಿದ್ದು" ಎಂದು ಮಾತ್ರ ಹೇಳಿದ್ದರು.

ಕಾಗದ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಮಾಘಮಾಸದಲ್ಲಿ, ಸುಗ್ಗಿ ಮುಗಿಯುವ ಹೊತ್ತಿಗೆ, ಹೊರಟೆನು. ಸುಗ್ಗಿಯ ಕಾಲವನ್ನೇ ಗೊತ್ತುಮಾಡಿದ್ದಕ್ಕೆ ಕಾರಣವಿದ್ದಿತು; ಅದನ್ನು ಮುಂದೆ ಹೇಳುವೆನು.

ಮದ್ದೂರಿನಿಂದ ಬೆಂಗಳೂರು, ಅಲ್ಲಿಂದ ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ. ಒಟ್ಟು ಸುಮಾರು 300 ಕಿಲೋಮೀಟರುಗಳ ದಾರಿ. ಅವಳು ಎಷ್ಟು ದಿನ ನಡೆದಳೋ ಕಾಣೆನು. ನಾನು ಮುಂಜಾನೆ ಬಸ್ಸು ಹತ್ತಿದವನು ಸಂಜೆಗೆ ಮುಟ್ಟಿದೆನು. ಶಿರಾ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ತೆಂಗು ಅಡಕೆಗಳು ಹಿಂದೆ ಬೀಳುವುವು, ಆಕಾಶ ದೊಡ್ಡದಾಗುವುದು. ಹಿರಿಯೂರಿನಿಂದ ಬಳ್ಳಾರಿಯ ರಸ್ತೆಗೆ ತಿರುಗಿ ವೇದಾವತಿಯ ಸೀಮೆಯನ್ನು ಹೊಕ್ಕರೆ ಜಾಲಿ, ಕಳ್ಳಿ, ಬೋಳುಗುಡ್ಡ, ಅಲ್ಲಲ್ಲಿ ಕುರಿಮಂದೆ. ವರ್ಷಕ್ಕೆ 20 ಅಂಗುಲದ ಆಸುಪಾಸಿನ ಮಳೆ ಬಿದ್ದರೆ ಅದೇ ಭಾಗ್ಯವೆನ್ನುವ ಪ್ರದೇಶವಿದು. ಕನ್ನಡನಾಡಿನಲ್ಲಿ ಇದಕ್ಕಿಂತ ಒಣಗಿದ ನೆಲ ಹೆಚ್ಚಿಲ್ಲ. ಹಿಂದೆ ನವಣೆ, ಸಜ್ಜೆ, ಜೋಳಗಳನ್ನು ಬೆಳೆಯುತ್ತಿದ್ದ ಹೊಲಗಳಲ್ಲಿ ಈಚೆಗೆ ಶೇಂಗಾ ಹೆಚ್ಚಾಗಿದೆ. ಚಳ್ಳಕೆರೆಯ ಎಣ್ಣೆಯ ಗಿರಣಿಗಳೂ ಕರಿಯ ಕಂಬಳಿಗಳೂ ಹೆಸರಾದವು. ಊರಿನ ಸುತ್ತ ಅಮೃತಮಹಲ್ ದನಗಳಿಗಾಗಿ ಅರಸರ ಕಾಲದಿಂದ ಬಿಟ್ಟ ಹುಲ್ಲುಗಾವಲಿದ್ದುದನ್ನು ಬಲ್ಲವರು ಬಲ್ಲರು. ಗಂಡನು ದನ ಬಿಟ್ಟು ಬರಲೊಲ್ಲದೆ ಹೋದನೆಂಬ ನಮ್ಮ ಮನೆಯ ಮಾತು, ಈ ನೆಲವನ್ನು ನೋಡಿದ ಮೇಲೆ ನನಗೆ ಮೊದಲಬಾರಿಗೆ ಅರ್ಥವಾಯಿತು. ಇಲ್ಲಿ ಹೊಲವು ಮನುಷ್ಯನ ಕೈಬಿಡುವುದು, ದನ ಬಿಡುವುದಿಲ್ಲ.

ಚಳ್ಳಕೆರೆಯಲ್ಲಿ ರಾತ್ರಿ ತಂಗಿದ್ದು, ಮಾರನೆಯ ಬೆಳಗ್ಗೆ ಬಳ್ಳಾರಿಯ ಕಡೆಯ ಬಸ್ಸು ಹಿಡಿದೆನು. ದಾರಿಯಲ್ಲಿ ತಳುಕು ಸಿಕ್ಕುವುದು. ಟಿ. ಎಸ್. ವೆಂಕಣ್ಣಯ್ಯನವರು, ಅವರ ತಮ್ಮಂದಿರಾದ ಶಾಮರಾಯರು, ಅವರ ಮನೆತನದವರೇ ಆದ ತ. ರಾ. ಸುಬ್ಬರಾಯರು, ಇವರೆಲ್ಲರ ಹೆಸರಿನ ಮೊದಲಕ್ಷರದಲ್ಲಿ ಕುಳಿತಿರುವ ಊರು ಇದೇ. ಶಾಮರಾಯರು ತಮ್ಮ ಮನೆತನದ ಚರಿತ್ರೆಯನ್ನು 'ಮೂರು ತಲೆಮಾರು' ಎಂದು ಪುಸ್ತಕವಾಗಿ ಬರೆದಿಟ್ಟರು. ಲೇಖನಿ ಹಿಡಿದವರ ಮನೆತನಕ್ಕೆ ಆ ಅನುಕೂಲವುಂಟು. ಮಣ್ಣು ಹೊತ್ತವರ ಮನೆಗೆ ಬರೆದುಕೊಡುವವರು ಯಾರು?

ಇದ್ದಾರೆ, ಅವರನ್ನು ಕಾಣುವುದಕ್ಕಾಗಿಯೇ ನಾನು ಸುಗ್ಗಿಯನ್ನು ಕಾದಿದ್ದುದು. ಅವರೇ ಹೆಳವರು. 'ಹೆಳವ' ಎಂದರೆ ಕುಂಟನೆಂದು ಅರ್ಥ. ಒಕ್ಕಲು ಮನೆಗಳ ವಂಶಾವಳಿಯನ್ನು ಕಾಪಾಡುವುದು ಇವರ ಕುಲವೃತ್ತಿ. ಸುಗ್ಗಿಯ ತರುವಾಯ ಎತ್ತನ್ನೇರಿ, ಗಂಟೆ ಬಾರಿಸುತ್ತ ಊರಿಗೆ ಬಂದು, ತಮಗೆ ಸೇರಿದ ಮನೆಗಳ ಮುಂದೆ ನಿಂತು, ಆ ಮನೆಯ ಮೂಲಸ್ಥಳ, ಬೆಡಗು, ಮನೆದೇವರು, ಹಿರಿಯರ ಹೆಸರುಗಳನ್ನು ತಲೆತಲೆಯಾಗಿ ಹೇಳುವರು. ಹಿಂದಿನ ಬಾರಿ ಬಂದುಹೋದ ಮೇಲೆ ಹುಟ್ಟಿದ ಮಕ್ಕಳನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುವರು. ಕಾಳು, ಬಟ್ಟೆ, ದುಡ್ಡು, ಅನುಕೂಲಸ್ಥರು ಕೊಟ್ಟರೆ ಕರು, ಇವನ್ನು ಪಡೆದು ಮುಂದಕ್ಕೆ ನಡೆಯುವರು. ಯಾವ ಊರು ಯಾವ ಹೆಳವನದೆಂಬುದು ಅವರವರಲ್ಲಿ ಹಂಚಿಕೆಯಾಗಿರುವುದು. 1909ರಲ್ಲಿ ಥರ್ಸ್ಟನ್ ಸಾಹೇಬರು ದಕ್ಷಿಣ ಹಿಂದೂಸ್ಥಾನದ ಜಾತಿಗಳನ್ನು ಕುರಿತು ಪ್ರಕಟಿಸಿದ ಏಳು ಸಂಪುಟಗಳಲ್ಲಿ, ಬಳ್ಳಾರಿ ಮತ್ತು ಮೈಸೂರು ಸೀಮೆಯ ಈ ಜನರು ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಬಂದು ಮನೆಮನೆಯ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದವರ ಹೆಸರನ್ನೂ ಹೇಳುವರೆಂದು ಬರೆದಿರುವರು.

ನಮ್ಮ ಹುಡುಗಿಯ ನೆರೆಮನೆಯಾಕೆಗೆ ಇಂಥ ಹೆಳವನಿಲ್ಲ. ಆದರೆ ಆಕೆಗಿರುವ ಸಲಕರಣೆಗಳನ್ನು ಕಾಗದದಲ್ಲಿ ಓದಿ ನನಗೆ ಆಶ್ಚರ್ಯವಾಯಿತು. 1620ರಲ್ಲಿ 'ಮೇಫ್ಲವರ್' ಎಂಬ ಹಡಗಿನಲ್ಲಿ ಹೋದ 102 ಮಂದಿ ಪ್ರಯಾಣಿಕರ ಹೆಸರು ಇಂದಿಗೂ ಉಂಟು. ಅವರಲ್ಲಿ ಅರ್ಧದಷ್ಟು ಜನ ಮೊದಲನೆಯ ಚಳಿಗಾಲವನ್ನು ದಾಟಲಿಲ್ಲ. ಅದರ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 20,000 ಮಂದಿ ಆ ತೀರಕ್ಕೆ ಹೋಗಿ ಸೇರಿದರು. 1639ರಲ್ಲಿಯೇ ಮಸಾಚುಸೆಟ್ಸಿನವರು ಹುಟ್ಟು, ಮದುವೆ, ಸಾವುಗಳನ್ನು ಬರೆದಿಡತಕ್ಕದ್ದೆಂದು ಕಾಯಿದೆ ಮಾಡಿದರು. ಸತ್ತವನ ಮನೆಯ ಮಡಕೆ, ಹಾಸಿಗೆ, ಕೊಡಲಿಗಳನ್ನೂ ಎಣಿಸಿ ಬೆಲೆ ಕಟ್ಟಿ ಪಟ್ಟಿ ಬರೆದಿಡುತ್ತಿದ್ದರು. 1845ರಲ್ಲಿ ಬಾಸ್ಟನ್ನಿನಲ್ಲಿ ವಂಶಾವಳಿಗಾಗಿಯೇ ಒಂದು ಸಂಘವನ್ನು ಸ್ಥಾಪಿಸಿದರು. ಆದರೂ ಆ ಪಟ್ಟಿಗಳಲ್ಲಿ ಎಲ್ಲರೂ ಸಮಾನರಲ್ಲ. ಹೆಂಗಸರು ಗಂಡನ ಹೆಸರಿನೊಳಗೆ ಅಡಗಿಹೋದರು. ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದವರಂತೂ ಮಡಕೆ ಕೊಡಲಿಗಳ ಸಾಲಿನಲ್ಲಿಯೇ ಬೆಲೆಯೊಡನೆ ಬರೆಯಲ್ಪಟ್ಟರು; ಬಿಡುಗಡೆಯಾದ ಮೇಲೆ, 1870ರ ಗಣತಿಯಲ್ಲಿ, ಅವರೆಲ್ಲರ ಹೆಸರುಗಳು ಮೊದಲು ಕಾಣಿಸಿಕೊಂಡವು. ಅವರ ಸಂತತಿಯವರು ಇಂದು ಹಿರಿಯರನ್ನು ಹುಡುಕುತ್ತ ಹೊರಟರೆ ಆ ವರ್ಷದ ಗೋಡೆಗೆ ಹಣೆ ತಾಗುವುದಂತೆ.

ಇನ್ನು ಕೊಂಡ್ಲಹಳ್ಳಿಯ ಮಾತು. ಹೆದ್ದಾರಿಯನ್ನು ಬಿಟ್ಟು ಒಳಗೆ ಹೋದರೆ ಸಿಕ್ಕುವ ದೊಡ್ಡ ಊರು. ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ್ದು. ಆಂಧ್ರದ ರಾಯದುರ್ಗ ಬಹಳ ದೂರವಲ್ಲವಾದ್ದರಿಂದ ಬಸ್ಸಿನಿಳಿದ ಸ್ಥಳದಲ್ಲಿಯೇ ಕನ್ನಡವೂ ತೆಲುಗೂ ಒಟ್ಟಿಗೆ ಕಿವಿಗೆ ಬಿದ್ದುವು. ನಾನು ಯಾರ ಮನೆಗೆ ಬಂದೆನೆಂದು ಹೋಟೆಲಿನವನು ಕೇಳಿದನು. ಉತ್ತರ ಹೊಳೆಯಲಿಲ್ಲ. ನಮ್ಮ ಬೆಡಗಿನ ಹೆಸರು ಹೇಳಿ, ಆ ಬೆಡಗಿನವರು ಯಾರಾದರೂ ಇರುವರೇ ಎಂದೆನು. ಅವನು ಬೀದಿಯ ತುದಿಯ ಒಂದು ಮನೆಯನ್ನು ತೋರಿಸಿದನು.

ಜಗುಲಿಯ ಮೇಲೆ ನನಗಿಂತ ಐದಾರು ವರ್ಷ ಹಿರಿಯರಾದ ಯಜಮಾನರು ಕುಳಿತು ಶೇಂಗಾ ಸುಲಿಯುತ್ತಿದ್ದರು. ನಾನು ಬಂದ ಸಂಗತಿಯನ್ನು ಹೇಳಿದೆನು. ಮುತ್ತಾತನ ಹೆಸರು ಹೇಳಿದೆನು, ಮನೆದೇವರನ್ನು ಹೇಳಿದೆನು. ಅವರು ಎಲ್ಲವನ್ನೂ ಕೇಳಿದರು. ನೀರು, ಬೆಲ್ಲ ತರಿಸಿಕೊಟ್ಟರು. ಆಮೇಲೆ ಮೆಲ್ಲಗೆ, "ಅಲ್ಲ ಸ್ವಾಮಿ, ಹೊಲದ ಪಾಲು ಕೇಳಾಕೆ ಬಂದೀರೇನು?" ಎಂದರು.

ಮೊದಲು ನನಗೆ ನಗು ಬಂದಿತು, ತರುವಾಯ ಬರಲಿಲ್ಲ. ಅವರು ನನ್ನ ಮುತ್ತಾತನ ಅಣ್ಣನ ವಂಶದವರೆಂಬುದು ಮಾತಿನಲ್ಲಿ ತಿಳಿದುಬಂದಿತು. ಹಾಗಿದ್ದ ಪಕ್ಷದಲ್ಲಿ ಅವರು ಉಳುವ ಹೊಲದಲ್ಲಿ ಅರ್ಧವು ಒಂದು ಕಾಲಕ್ಕೆ ನನ್ನ ಮುತ್ತಾತನದು. ನೂರೈವತ್ತು ವರ್ಷಗಳ ಹಿಂದೆ ಹೋದವರ ಮೊಮ್ಮಗನೊಬ್ಬನು ಬಿಳಿಯ ಅಂಗಿ ತೊಟ್ಟು ಜಗುಲಿಗೆ ಬಂದು ವಂಶಾವಳಿ ಕೇಳಿದರೆ, ಅವರು ಬೇರೇನನ್ನು ತಿಳಿಯಬೇಕು? ಸರಕಾರದ ಪಹಣಿಯು ಹೊಲಕ್ಕೆ ಯಜಮಾನನನ್ನು ಹುಡುಕುವುದೇ ಹೊರತು ಮನುಷ್ಯನಿಗೆ ಮನೆಯನ್ನು ಹುಡುಕುವುದಿಲ್ಲ. "ಪಾಲು ಬೇಡ, ಒಂದು ಹೆಸರು ಬೇಕು" ಎಂದೆನು. ಅವರು ನಂಬಿದಂತೆ ಕಾಣಲಿಲ್ಲ. ಆದರೂ ಊಟಕ್ಕೆ ಎಬ್ಬಿಸಿದರು. ಹೆಳವನು ನಾಲ್ಕು ದಿನದೊಳಗೆ ಬರುವನೆಂದೂ, ಅಲ್ಲಿಯವರೆಗೆ ತಮ್ಮ ಮನೆಯಲ್ಲಿಯೇ ಇರಬಹುದೆಂದೂ ಹೇಳಿದರು. ಸಂಶಯವು ಒಂದು ಕಡೆ, ಆತಿಥ್ಯವು ಒಂದು ಕಡೆ; ಎರಡನ್ನೂ ಬೆರಸದೆ ನಡೆಸುವ ಹದವನ್ನು ಆ ಮನೆಯಲ್ಲಿ ಕಂಡೆನು.

ನಡುವಿನ ದಿನಗಳಲ್ಲಿ ಅವರ ಮೊಮ್ಮಗನು ನನ್ನನ್ನು ನುಂಕೆಮಲೆಗೂ, ಮರುದಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿಗೂ ಕರೆದುಕೊಂಡು ಹೋದನು. ಮದ್ದೂರಿನಲ್ಲಿ ಬರಿಯ ಶಬ್ದವಾಗಿದ್ದ ನುಂಕೆಮಲೆಯು ಇಲ್ಲಿ ಕಲ್ಲಾಗಿ ಎದುರಿಗೆ ನಿಂತಿತು. ಬಂಡೆಗಳ ಮಧ್ಯದ ಭೈರವನ ಗುಡಿಯಲ್ಲಿ ಕಾಯಿ ಒಡೆಸಿದೆನು; ನಾಲ್ಕು ತಲೆಗಳ ಬಾಕಿಯನ್ನು ಒಂದೇ ಕಾಯಿಯಿಂದ ತೀರಿಸುವ ನನ್ನ ಲೋಭವನ್ನು ಪೂಜಾರಿಯು ಮನ್ನಿಸಿದನೆಂದು ತಿಳಿಯುತ್ತೇನೆ.

ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಇದನ್ನೂ, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದ ಶಾಸನಗಳನ್ನೂ 1892ರಲ್ಲಿ ರೈಸ್ ಸಾಹೇಬರು ಕಂಡುಹಿಡಿದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕಂತೆ ನಡೆದುಕೊಳ್ಳಬೇಕು ಎಂದು ಅದರಲ್ಲಿ ಅಪ್ಪಣೆಯಾಗಿದೆ. ವಿಚಿತ್ರವೇನೆಂದರೆ, ಈ ಬಂಡೆಯ ಮೇಲೆ ಅಶೋಕನ ಹೆಸರಿಲ್ಲ. 'ದೇವರಿಗೆ ಪ್ರಿಯನಾದವನು' ಎಂಬ ಬಿರುದು ಮಾತ್ರ ಇದೆ. ಆ ಬಿರುದು ಯಾರದೆಂಬುದು 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಹೆಸರಿನೊಡನೆ ಇನ್ನೊಂದು ಶಾಸನವು ದೊರೆತ ಮೇಲೆಯೇ ನಿಸ್ಸಂದೇಹವಾಯಿತು. ಆದರೆ ಅಪ್ಪಣೆಯನ್ನು ಬರೆದ ಲಿಪಿಕಾರನು ತನ್ನ ಹೆಸರನ್ನು ಬಿಡಲಿಲ್ಲ. ಅವನು ಚಪಡ, 'ಲಿಪಿಕಾರ' ಎಂಬ ಮಾತನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದು ಮುಗಿಸಿರುವನು. ಚಕ್ರವರ್ತಿಯ ಹೆಸರಿಲ್ಲದ ಕಡೆ ಗುಮಾಸ್ತೆಯ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಉಳಿದಿದೆ. ಲೇಖನಿ ಹಿಡಿದವರ ಅನುಕೂಲವೆಂದು ಮೇಲೆ ಹೇಳಿದೆನಷ್ಟೆ!

ಅಲ್ಲಿಯೇ ಗುಡ್ಡದ ತಪ್ಪಲಿನಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಪುರಾತನ ಸಮಾಧಿಗಳು ನೂರಾರಿದ್ದುವು. 1947ರಲ್ಲಿ ವೀಲರ್ ಸಾಹೇಬರು ಅಗೆಸಿ ನೋಡಿ, ಮಡಕೆಗಳ ಪದರಗಳಿಂದ ಈ ಸ್ಥಳದ ಕಾಲಕ್ರಮವನ್ನು ಗೊತ್ತುಮಾಡಿದರು. ಆ ಸಮಾಧಿಗಳಲ್ಲಿ ಎಲುಬು, ಮಡಕೆ, ಕಬ್ಬಿಣದ ಆಯುಧಗಳು ಸಿಕ್ಕಿದುವೇ ಹೊರತು ಹೆಸರು ಒಂದೂ ಸಿಕ್ಕಲಿಲ್ಲ. ಜೊತೆಯ ಹುಡುಗನು, "ಇವರೂ ನಮ್ಮ ಹಿರಿಯರೇ ಇರಬೌದು ಅಲ್ಲವಾ?" ಎಂದನು. ಇರಬಹುದು ಎಂದೆನು.

ಐದನೆಯ ದಿನ ಹೆಳವನು ಬಂದನು. ಎತ್ತಿನ ಮೇಲಲ್ಲ, ಮೋಟಾರು ಸೈಕಲ್ಲಿನ ಮೇಲೆ. ಕಂಬಳಿ ಹೆಗಲಿನಲ್ಲಿ, ಗಂಟೆ ಚೀಲದಲ್ಲಿ. ಮನೆಯ ಮುಂದೆ ನಿಂತು ಮೊದಲು ಗಂಟೆ ಬಾರಿಸಿದನು. ಹೆಂಗಸರು ಮೊರದಲ್ಲಿ ಜೋಳ ತಂದರು. ಅವನು ಕಣ್ಣುಮುಚ್ಚಿಕೊಂಡು ಒಂದೇ ಏರಿನ ಧ್ವನಿಯಲ್ಲಿ ಆ ಮನೆಯ ಮೂಲದಿಂದ ಹಿಡಿದು ಹೇಳತೊಡಗಿದನು. ಮಾತುಗಳು ಓಡುತ್ತಿದ್ದುವು, ಎಲ್ಲವೂ ನನಗೆ ತಿಳಿಯಲಿಲ್ಲ. ಆದರೆ ನಡುವೆ ಒಂದು ಕಡೆ ನನ್ನ ಮುತ್ತಾತನ ಹೆಸರು ಬಂದಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದಾಯಾದಿಗಳ ಅಪ್ಪಣೆ ಪಡೆದಿಲ್ಲ. ಅದಾದ ಮೇಲೆ ಹೆಳವನ ಧ್ವನಿ ಒಂದು ಗಳಿಗೆ ತಗ್ಗಿ, ಮತ್ತೆ ಅಣ್ಣನ ಕವಲನ್ನು ಹಿಡಿದು ಮುಂದಕ್ಕೆ ಹೋಯಿತು.

ಹೇಳಿ ಮುಗಿದ ಮೇಲೆ, ಅಲ್ಲಿ ಏಕೆ ನಿಲ್ಲಿಸಿದಿರೆಂದು ಕೇಳಿದೆನು. ಅವನು ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕವನ್ನು ಬಿಚ್ಚಿದನು. ಅವನ ತಾತನು ಹಳೆಯದರಿಂದ ನಕಲು ಮಾಡಿದ್ದಂತೆ, ಅಂಚುಗಳು ಸವೆದಿದ್ದುವು. ಬೆರಳಿನಿಂದ ಸಾಲನ್ನು ಹುಡುಕಿ ತೋರಿಸಿದನು. ಮುತ್ತಾತನ ಹೆಸರು, ಅದರ ಮುಂದೆ 'ದೇವಸಮುದ್ರದ ಹೆಣ್ಣು' ಎಂಬ ಮಾತು, ಅದರ ಕೆಳಗೆ 'ಧಾತು ಈಶ್ವರದಲ್ಲಿ ಮನೆ ನಿಂತಿತು'. ಅದರ ಕೆಳಗೆ ಒಂದು ಗೀಟು.

ವಾಚಕರು ಒಂದು ನಿಮಿಷ ನನ್ನ ಸ್ಥಳದಲ್ಲಿ ನಿಂತು ನೋಡಬೇಕು. ನಾನು, ನನ್ನ ತಂದೆ, ತಾತ, ನನ್ನ ಮಕ್ಕಳು, ಬಾಸ್ಟನ್ನಿನ ಮೊಮ್ಮಗಳು, ನಾವೆಲ್ಲರೂ ಆ ಗೀಟಿನ ಕೆಳಗೆ ಇಲ್ಲದವರು. ಆ ಪುಸ್ತಕದ ಪ್ರಕಾರ ನಾವು ಹುಟ್ಟಿಯೇ ಇಲ್ಲ.

"ನಿಂತಿಲ್ಲ, ನಾನು ಇದ್ದೇನೆ" ಎಂದೆನು. ಹೆಳವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದನು. "ಯಜಮಾನರೆ, ಇದ್ದೇನೆ ಎಂದು ಯಾರು ಬೇಕಾದರೂ ಹೇಳುತ್ತಾರೆ. ಗೀಟು ಎಳೆದವರು ನಮ್ಮ ಹಿರೀಕರು. ಅದನ್ನು ದಾಟಬೇಕಾದರೆ ನನಗೆ ಗುರುತು ಬೇಕು" ಎಂದನು. ಮನೆದೇವರು ಯಾರೆಂದನು, ಹೇಳಿದೆನು. ಬೆಡಗು ಕೇಳಿದನು; ಹೇಳಿದೆನು. ಅವೆರಡನ್ನೂ ನಾಲ್ಕು ದಿನದಿಂದ ಊರಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆನಾದ್ದರಿಂದ ಅವನು ಅಷ್ಟಕ್ಕೆ ತೃಪ್ತನಾಗಲಿಲ್ಲ. ಪುಸ್ತಕ ಮುಚ್ಚಿ, "ನಿಮ್ಮ ಮನೆಯಲ್ಲಿ ಒಲೆಗೆ ಏನು ಹಾಕೋದಿಲ್ಲ?" ಎಂದನು.

"ಅತ್ತಿ" ಎಂದೆನು.

ಜಗುಲಿಯ ಮೇಲಿದ್ದವರು ಸದ್ದಿಲ್ಲದೆ ಕುಳಿತರು. ಅರವತ್ತೈದು ವರ್ಷಗಳ ಹಿಂದೆ ನೀರೊಲೆಯ ಮುಂದೆ ತಿಂದ ಸೌಟಿನ ಏಟು ಹೀಗೆ ಫಲ ಕೊಟ್ಟಿತು.

ಆದರೂ ಹೆಳವನು ಯಜಮಾನರ ಮುಖವನ್ನು ನೋಡಿದನು. ಮನೆಯವರು ಒಪ್ಪದೆ ಬರೆಯುವ ಪದ್ಧತಿಯಿಲ್ಲವಂತೆ. ಯಜಮಾನರು ಶೇಂಗಾ ಸುಲಿಯುವುದನ್ನು ನಿಲ್ಲಿಸಿದ್ದರೇ ಹೊರತು ಮಾತನಾಡಲಿಲ್ಲ. ಆಗ ಒಳಗಿನಿಂದ ಅವರ ಅತ್ತಿಗೆಯವರು, ತೊಂಬತ್ತು ಹತ್ತಿರವಿದ್ದ ಮುದುಕಿ, ಹೊಸ್ತಿಲವರೆಗೆ ಬಂದು ಗೋಡೆ ಹಿಡಿದುಕೊಂಡು ನಿಂತು ಕೇಳಿದರು: "ಅಲ್ಲಪ್ಪ, ಹಿರಿಯರ ಹಬ್ಬದಾಗೆ ಕೊನೇಗೆ ಒಂದು ಎಲೆ ಬೇರೆ ಇಡ್ತೀವಲ್ಲ, ಅದು ಯಾರಿಗೆ?"

ಯಾರೂ ಉತ್ತರ ಹೇಳಲಿಲ್ಲ. ಮುದುಕಿಯೇ ಹೇಳಿದರು: "ಹೋದೋಳಿಗೆ. ನಮ್ಮತ್ತೆ ಇಡ್ತಿದ್ಲು, ಅವಳತ್ತೆ ಇಡ್ತಿದ್ಲು. ಮಕ್ಕಳನ್ನ ಕಟ್ಕೊಂಡು ಹೋದೋಳು, ಸತ್ಲೋ ಇದ್ದಾಳೋ, ಒಂದು ಎಲೆ ಇರಲಿ ಅಂತ. ಪುಸ್ತಕದಾಗೆ ನಿಂತಿದ್ರೆ ಎಲೆ ಯಾತಕ್ಕಪ್ಪ ಇಡಬೇಕು?"

ಯಜಮಾನರು ಹೆಗಲ ವಸ್ತ್ರದಿಂದ ಮುಖ ಒರಸಿಕೊಂಡು, "ಬರಕೊಳ್ಳಯ್ಯ" ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ಪಾಲಿನ ಮಾತು ಮಾತ್ರ..." ಎಂದರು. ನಾನು ಕೈಮುಗಿದೆನು. ಆ ನೆಲವನ್ನು ಉತ್ತು, ಬರಗಳನ್ನು ಕಂಡು, ಅಲ್ಲಿಯೇ ಉಳಿದವರು ಅವರು, ನಾವು ಹೋದವರು.

ಹೆಳವನು ಗೀಟಿನ ಪಕ್ಕದಲ್ಲಿ ಸ್ಥಳಮಾಡಿಕೊಂಡು ತಾತನ ಹೆಸರಿನಿಂದ ಬರೆಯತೊಡಗಿದನು. ನಾನು ತಡೆದು, ಮುತ್ತಜ್ಜಿಯ ಹೆಸರೇನೆಂದು ಕೇಳಿದೆನು. ಅವನು ಹಳೆಯ ಸಾಲಿಗೆ ಮತ್ತೆ ಬೆರಳಿಟ್ಟನು. "ದೇವಸಮುದ್ರದ ಹೆಣ್ಣು ಅಂತ ಇದೆ, ಯಜಮಾನರೆ. ತಂದ ಊರು ಬರೆಯುತ್ತಿದ್ದರು, ಹೆಸರು ಬರೆಯುತ್ತಿರಲಿಲ್ಲ." ಮುದುಕಿಯನ್ನು ಕೇಳಿದೆನು. ಅವರಿಗೂ ತಿಳಿಯದು, 'ಹೋದೋಳು' ಎಂಬುದಷ್ಟೇ ಬಂದಿದೆ. ಕೊಂಡ್ಲಹಳ್ಳಿಯಲ್ಲಿ ಇದ್ದಷ್ಟು ದಿನ ಅವಳು ದೇವಸಮುದ್ರದವಳು; ಮದ್ದೂರಿಗೆ ಬಂದ ಮೇಲೆ ಕೊಂಡ್ಲಹಳ್ಳಿಯವಳು. ಯಾವ ಊರನ್ನು ಬಿಟ್ಟು ಬಂದಳೋ ಆ ಊರೇ ಅವಳ ಹೆಸರಾಯಿತು. ದೇವಸಮುದ್ರವೇನೂ ದೂರವಲ್ಲ, ಅದೇ ತಾಲ್ಲೂಕಿನಲ್ಲಿದೆ. ಆದರೆ ಆ ಊರಿನ ಹೆಳವನು ಬೇರೆಯವನು. ಅವನ ಪುಸ್ತಕದಲ್ಲಿ ಅವಳು 'ಕೊಂಡ್ಲಹಳ್ಳಿಗೆ ಕೊಟ್ಟದ್ದು' ಎಂದಿರುವಳೇ ಹೊರತು ಬೇರೆ ಸಿಕ್ಕದೆಂದು ಇವನು ಹೇಳಿದನು. ಆದರೂ ಬರುವ ಸುಗ್ಗಿಯಲ್ಲಿ ಹೋಗಿ ನೋಡತಕ್ಕದ್ದೆಂದು ನಿಶ್ಚಯಿಸಿದ್ದೇನೆ.

ಬಾಸ್ಟನ್ನಿನ ಆ ಹೆಂಗಸಿನ ಗೋಡೆಯ ಮರದಲ್ಲಿ ಬುಡದ ಒಂದು ಕೊಂಬೆಯ ಮೇಲೆ ಬರಿಯ ಗೆರೆ ಎಳೆದು ಬಿಟ್ಟಿರುವಳಂತೆ. ನಾನು ಹಾಗೆ ಬಿಡಲೊಲ್ಲದೆ, "ಕೊಂಡ್ಲಹಳ್ಳಿ ಅವ್ವ ಎಂದು ಬರೆಯಿರಿ" ಎಂದೆನು. ಹೆಳವನು ನಕ್ಕನು. "ಕೊಂಡ್ಲಹಳ್ಳಿಯ ಪುಸ್ತಕದಲ್ಲಿ ಕೊಂಡ್ಲಹಳ್ಳಿ ಅವ್ವ ಅಂದರೆ ಯಾರು ಅಂತ ತಿಳಿಯಬೇಕು? ಈ ಊರಿನಲ್ಲಿ ಎಲ್ಲ ಅವ್ವಂದಿರೂ ಅವರೇ" ಎಂದನು. ಮಾ‍ತು ನಿಜವೇ. ಆದರೂ ಬರೆದನು; ಮುಂದೆ 'ಮದ್ದೂರಿಗೆ ಹೋದವಳು' ಎಂದು ಸೇರಿಸಿದನು.

ಆಮೇಲೆ ಒಂದೊಂದಾಗಿ ಎಲ್ಲರೂ ಗೀಟಿನ ಈಚೆಗೆ ಬಂದರು. ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕೆಂದು ಹಟಮಾಡಿದೆನು. ಸೊಸೆಯಂದಿರ ಹೆಸರನ್ನೂ ಹೇಳಿದೆನು. ಹಾಳೆ ಸಾಲದೆ ಹಿಂಬದಿಗೆ ಹೋಯಿತು. ಮೊಮ್ಮಗಳ ಹೆಸರು ಬರೆದು, ಯಾವ ಊರಿನಲ್ಲಿದ್ದಾಳೆಂದು ಕೇಳಿದನು. ಬಾಸ್ಟನ್ ಎಂದೆನು. ಎರಡು ಸಲ ಹೇಳಿಸಿ ಕಾಗುಣಿತ ಕೂಡಿಸಿಕೊಂಡು ಬರೆದನು. "ಅದು ನನ್ನ ಸೀಮೆಗೆ ಸೇರಿದ್ದಲ್ಲ. ಮದ್ದೂರಿನವರೆಗೆ ಒಂದು ಸಲ ಬಂದೇನು. ಆ ಮಗುವಿಗೆ ಮಾತ್ರ, ಇಲ್ಲಿಗೆ ಬಂದರೆ ಓದಿ ಹೇಳುತ್ತೇನೆ" ಎಂದನು.

ನಾನು ಕೊಟ್ಟ ಬಟ್ಟೆಯನ್ನೂ ಯಜಮಾನರ ಮನೆಯ ಜೋಳವನ್ನೂ ಚೀಲಕ್ಕೆ ಹಾಕಿಕೊಂಡು, ಪುಸ್ತಕವನ್ನು ಸುತ್ತಿ ಕಟ್ಟಿ, ಹೆಳವನು ಎದ್ದನು. ಮುದುಕಿಯು ಹೊಸ್ತಿಲಿನಲ್ಲಿಯೇ ಕುಳಿತಿದ್ದರು. ನಾನು ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಲು, "ಈ ಸಲ ಎಲೆ ಇಡಬೇಕೋ ಬ್ಯಾಡವೋ?" ಎಂದು ಕೇಳಿದರು. ಇಡಿ ಎಂದೆನು. ಯಜಮಾನರು ಒಂದು ಪಡಿ ಶೇಂಗಾವನ್ನು ನನ್ನ ಟವಲಿನಲ್ಲಿ ಗಂಟು ಕಟ್ಟಿಕೊಟ್ಟರು. ಯಾವ ಹೊಲದ್ದೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬೀದಿಯ ಆಚೆಯ ಮನೆಯ ಮುಂದೆ ಆಗಲೇ ಗಂಟೆ ಕೇಳಿಸುತ್ತಿತ್ತು.